ಎರಡು ಬ್ರೇಕಿನ ಕಾರು

ಪಕ್ಕದ ಮನೆಯ ಗ್ಲೆಂಡಾ ಹಾವರ್ತ್‌ಳ ಕಾಲನ್ನು ನೀವು ತುಳಿದರೆ ಸಾರಿ ಅನ್ನುವವಳು ಅವಳೇ. ಅಂಗಡಿಯ ಬಾಗಿಲು ಹಣೆಗೆ ಬಡಿದರೆ ಬಾಗಿಲಿಗೂ ಒಂದು ಸಾರಿ. ಇಂಗ್ಲೆಂಡಿನ ನಮ್ಮ ನೆಲ್ಸನ್ ಊರಿನಲ್ಲಿ ಇದೇನು ಹೊಸ ರೋಗವಲ್ಲ. ನನ್ನ ತಾಯಿಗೂ ಇತ್ತು, ನನಗೂ ಚಿಕ್ಕಂದಿನಲ್ಲಿ ಇತ್ತು. ಮೂವತ್ತಾರು ವರ್ಷ ಬಸ್ಸು ಓಡಿಸಿದ ಮೇಲೆ ನನಗೆ ವಾಸಿಯಾಯಿತು. ದಿನವಿಡೀ ಅಡ್ಡಡ್ಡ ನುಗ್ಗುವ ಕಾರುಗಳಿಗೆ ಸಾರಿ ಹೇಳುತ್ತಾ ಕೂತರೆ ಬಸ್ಸು ಊರು ಸೇರುವುದಿಲ್ಲ. ಗ್ಲೆಂಡಾಳಿಗೆ ಮಾತ್ರ ವಾಸಿಯಾಗಲಿಲ್ಲ. ಅದರಿಂದ ಏನಾಯಿತೆಂದು ಹೇಳುತ್ತೇನೆ, ಹೇಳದಿದ್ದರೆ ನನ್ನ ಹೊಟ್ಟೆಯ ಉರಿ ಆರುವುದಿಲ್ಲ.

ಅವಳಿಗೀಗ ಅರವತ್ತೆರಡು. ಮೊದಲು ಬಟ್ಟೆ ಗಿರಣಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಗಿರಣಿ ಮುಚ್ಚಿದ ವರ್ಷವೇ ಅವಳ ಗಂಡನೂ ಇನ್ನೊಬ್ಬಳ ಕೈ ಹಿಡಿದು ಬ್ಲ್ಯಾಕ್‌ಪೂಲ್ ಕಡೆ ನಡೆದ. ಮಹಾತ್ಮ, ಹೋಗುವಾಗ ಕಾರು ಬಿಟ್ಟುಹೋದ. ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಇವಳಿಗೆ ಓಡಿಸಲು ಬರುತ್ತಿರಲಿಲ್ಲ. ರಿಪೇರಿ ಮಾಡಿಸಿ, ಕಲಿತು, ಐದು ಸಲ ಫೇಲಾಗಿ, ಆರನೆಯ ಸಲ ಪಾಸಾಗಿ ಬಂದು ನಮ್ಮ ಗೋಡೆಯ ಮೇಲೆ ಕೂತು ಅತ್ತಳು. ಆಮೇಲೆ ತಾನೇ ಕಲಿಸುವವಳಾದಳು. ಮೂವತ್ತು ವರ್ಷ ಅದೇ ಕೆಲಸ. ಬೇರೆಯವರು ಕೈಬಿಟ್ಟವರೆಲ್ಲ ಇವಳ ಹತ್ತಿರ ಬರುತ್ತಿದ್ದರು. ಗೇರು ಬದಲಿಸುವಾಗ ಕಣ್ಣು ಮುಚ್ಚುವವರು, ಲಾರಿ ಕಂಡರೆ ಸ್ಟೀರಿಂಗ್ ಬಿಟ್ಟು ದೇವರನ್ನು ಕರೆಯುವವರು, ಗಂಡ ಬೈದು ಬೈದು ಎಡ ಬಲ ಮರೆತವರು. ಒಬ್ಬರಿಗೂ ಅವಳು ದನಿ ಏರಿಸಿದ್ದನ್ನು ನಾನು ಕೇಳಿಲ್ಲ.

ಕಲಿಸುವವರ ಕಾರಿನಲ್ಲಿ ಎರಡು ಬ್ರೇಕು, ಒಂದನ್ನು ಒತ್ತಿದರೆ ಇನ್ನೊಂದೂ ಕೆಳಗಿಳಿಯುವ ಹಾಗೆ ಜೋಡಿಸಿದ್ದು. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಎಡಗಡೆ ಕೂತ ಗ್ಲೆಂಡಾಳ ಕಾಲ ಕೆಳಗೆ. ಅವಳ ಕಲಿಸುವ ಗುಟ್ಟೆಲ್ಲ ಆ ಎರಡನೆಯದರಲ್ಲಿತ್ತು. ಸಂಜೆ ಗೋಡೆಯಾಚೆ ನಿಂತು ಚಹಾ ಕುಡಿಯುತ್ತಾ ನನಗೊಬ್ಬನಿಗೇ ಹೇಳುತ್ತಿದ್ದಳು.

‘ಇವತ್ತು ಮೂರು ಸಲ ನಾನೇ ಒತ್ತಿದೆ ನಾರ್ಮ್. ಅವಳೇ ಒತ್ತಿದ್ಲು ಅಂತ ಹೇಳಿ ಬೆನ್ನು ತಟ್ಟಿದೆ.’

‘ಸುಳ್ಳು ಹೇಳಿ ಕಲಿಸ್ತೀಯಲ್ಲೇ, ನಾಚ್ಕೆ ಆಗಲ್ವಾ?’

‘ಧೈರ್ಯ ಬಂದ್ಮೇಲೆ ನಿಜವಾಗ್ಲೂ ಅವರೇ ಒತ್ತಾರೆ ಕಣೋ. ಅಲ್ಲೀತನಕ ಕಾಲು ನಂದು, ಹೆಸರು ಅವರದು.’

ಹೀಗೆ ಹೇಳಿ ನಗುತ್ತಿದ್ದಳು. ಪಾಸಾದವರು ಎಷ್ಟೋ ಜನ. ಊರಿನ ಅರ್ಧ ಹೆಂಗಸರು ಇವಳ ಸುಳ್ಳಿನ ಮೇಲೆ ಕಾರು ಓಡಿಸುತ್ತಿದ್ದಾರೆಂದು ನಾನು ರೇಗಿಸುತ್ತಿದ್ದೆ.

ಇನ್ನು ಅವಳ ಶಿಷ್ಯೆ ನುಸ್ರತ್. ನಲವತ್ತಾರು ವಯಸ್ಸು, ಗಂಡ ತೀರಿಕೊಂಡು ಏಳು ವರ್ಷ, ಊರ ನಡುವಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಆರುನೂರು ಮಕ್ಕಳಿಗೆ ಆಲೂಗಡ್ಡೆ ಸುಲಿದು, ಪಾತ್ರೆ ತಿಕ್ಕಿ, ಹನ್ನೊಂದು ವರ್ಷ ಯಾರ ಯಾರದೋ ಕೈಕೆಳಗೆ ದುಡಿದವಳು. ಬೆಟ್ಟದ ಮೇಲಿನ ಹಳ್ಳಿಯೊಂದರ ಶಾಲೆಯಲ್ಲಿ ಅವಳಿಗೆ ಮುಖ್ಯ ಅಡುಗೆಯವಳ ಜಾಗ ಸಿಗುವುದಿತ್ತು. ಅಲ್ಲಿ ಅವಳದೇ ಅಡುಗೆಮನೆ, ಅವಳು ಹೇಳಿದ್ದೇ ಊಟ. ತೊಡಕು ಒಂದೇ. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಲೈಸೆನ್ಸ್ ಬಂದರೆ ಬಾ, ಈಸ್ಟರ್ ಹಬ್ಬದವರೆಗೆ ಜಾಗ ಹಿಡಿದಿಡುತ್ತೇವೆ ಎಂದಿದ್ದರು. ಟೆಸ್ಟಿಗೆ ಆರು ತಿಂಗಳು ಕಾದು ಮಾರ್ಚ್ ಆರರ ದಿನ ಸಿಕ್ಕಿತ್ತು. ಟೆಸ್ಟಿಗೆ ಮೊದಲು ಪಾಸಾಗಬೇಕಾದ ರಸ್ತೆ ನಿಯಮಗಳ ಪರೀಕ್ಷೆಯ ಸರ್ಟಿಫಿಕೇಟಿನ ಅವಧಿ ಅದೇ ತಿಂಗಳ ಹತ್ತೊಂಬತ್ತಕ್ಕೆ ಮುಗಿಯುತ್ತಿತ್ತು. ಆರು ತಪ್ಪಿದರೆ ಎಲ್ಲ ಮೊದಲಿನಿಂದ, ಇನ್ನೊಂದು ವರ್ಷ, ಅಷ್ಟರಲ್ಲಿ ಆ ಅಡುಗೆಮನೆಗೆ ಬೇರೆಯವರು ಬಂದಿರುತ್ತಾರೆ. ಇದು ಅವಳಿಗೂ ಗೊತ್ತು, ಗ್ಲೆಂಡಾಳಿಗೂ ಗೊತ್ತು, ಗೋಡೆಯಾಚೆಯ ನನಗೂ ಬಾಯಿಪಾಠವಾಗಿತ್ತು.

ಮೊದಲು ಬಂದಾಗ ನುಸ್ರತ್ ಕಾರಿನಲ್ಲಿ ಕೂತು ನಡುಗುತ್ತಿದ್ದಳಂತೆ. ಅವಳ ಮೈದುನ ಟ್ಯಾಕ್ಸಿ ಓಡಿಸುತ್ತಾನೆ. ‘ಅತ್ತಿಗೆ ರಸ್ತೆಗೆ ಇಳಿಯೋ ದಿನ ಹೇಳಿ, ನಾನು ರಜಾ ಹಾಕ್ತೀನಿ’ ಎಂದು ಮನೆಯವರ ಮುಂದೆಲ್ಲ ನಗುತ್ತಿದ್ದನಂತೆ. ಜನವರಿ ಕೊನೆಯ ಹೊತ್ತಿಗೆ ಗ್ಲೆಂಡಾ ಗೋಡೆಯ ಹತ್ತಿರ ಬಂದು ಹೇಳಿದಳು: ‘ನಾರ್ಮ್, ಎರಡು ವಾರದಿಂದ ನನ್ನ ಕಾಲು ಸುಮ್ನೇ ಇದೆ. ಒಂದ್ಸಲಾನೂ ಒತ್ತಿಲ್ಲ. ನುಸ್ರತ್ ಪಾಸಾಗ್ತಾಳೆ ನೋಡ್ತಿರು.’

ಫೆಬ್ರವರಿ ಮೊದಲ ಮಂಗಳವಾರ, ಹಾಡಹಗಲು ಹನ್ನೊಂದು ಗಂಟೆ. ಕಾಲುವೆಯ ಸೇತುವೆ ದಾಟಿ ನುಸ್ರತ್ ನೇರ ರಸ್ತೆಯಲ್ಲಿ ನಿಧಾನವಾಗಿ ಬರುತ್ತಿದ್ದಳು. ಹಿಂದೆ ಒಂದು ಬಸ್ಸು. ಮುಚ್ಚಿಹೋದ ಪಬ್ಬಿನ ಮೂಲೆಯಲ್ಲಿ ಎಡಗಡೆಯಿಂದ ಅಡ್ಡರಸ್ತೆ ಬಂದು ಸೇರುತ್ತದೆ. ಅಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಬಿಳಿ ಗೆರೆ ಇದೆ. ಬೂದು ಬಣ್ಣದ ದೊಡ್ಡ ಜೀಪೊಂದು ಆ ಗೆರೆಗೆ ಕವಡೆ ಕಿಮ್ಮತ್ತೂ ಕೊಡದೆ ನುಗ್ಗಿ ಗ್ಲೆಂಡಾ ಕೂತಿದ್ದ ಕಡೆಗೇ ಹೊಡೆಯಿತು. ಅವಳ ಕಡೆಯ ಬಾಗಿಲು ಒಳಕ್ಕೆ ಬಂತು. ಭುಜಕ್ಕೆ ಪೆಟ್ಟು, ಮಣಿಕಟ್ಟು ಊದಿಕೊಂಡಿತು. ಬಾಗಿಲು ತೆರೆಯಲಾಗದೆ, ನುಸ್ರತ್ ಇಳಿದ ಮೇಲೆ ಗೇರಿನ ಮೇಲಿಂದ ತೆವಳಿಕೊಂಡು ಆ ಕಡೆಯಿಂದ ಹೊರಗೆ ಬಂದಳು.

ಜೀಪಿನವನು ಅಡುಗೆಮನೆಯ ಕಪಾಟು ಮಾರುವ ಆಸಾಮಿ. ಅಷ್ಟು ಹೊತ್ತಿಗೆ ಅವನು ಇಳಿದು ಫೋನು ಎತ್ತಿ ಹಿಡಿದು ವಿಡಿಯೋ ತೆಗೆಯಲು ಶುರುಮಾಡಿದ್ದ. ‘ಕಲಿಯೋರನ್ನ ರಸ್ತೆಗೆ ಬಿಟ್ಟು ಜನರ ಪ್ರಾಣ ತೆಗೀತೀರಲ್ರೀ! ಕಣ್ಣು ಕಾಣ್ಸಲ್ವಾ ಅವಳಿಗೆ?’

ಗ್ಲೆಂಡಾ, ಗುದ್ದಿಸಿಕೊಂಡವಳು, ಕೈ ಹಿಡಿದುಕೊಂಡು ನಿಂತು ಏನಂದಳು? ‘ಸಾರಿ, ಸಾರಿ, ತುಂಬಾ ಸಾರಿ ಚಿನ್ನಾ, ನಿಮ್ಗೇನೂ ಪೆಟ್ಟಾಗ್ಲಿಲ್ಲ ತಾನೆ?’

ಅಪಘಾತವಾದರೆ ಏನು ಮಾಡಬೇಕೆಂದು ಮೂವತ್ತು ವರ್ಷದಿಂದ ಪ್ರತಿಯೊಬ್ಬ ಶಿಷ್ಯೆಗೂ ಕಲಿಸಿದವಳು ಅವಳು. ನಿಲ್ಲಿಸು, ಹೆಸರು ವಿಳಾಸ ಬರೆದುಕೋ, ಫೋಟೋ ತೆಗಿ, ಬಾಯಿ ತಪ್ಪಿಯೂ ಸಾರಿ ಅನ್ನಬೇಡ. ಕೈಯಾರೆ ಚೀಟಿ ಬರೆದು ಕೊಡುತ್ತಿದ್ದಳು. ನುಸ್ರತ್‌ಳ ಚೀಲದಲ್ಲೂ ಒಂದು ಚೀಟಿ ಇತ್ತು. ಆ ನುಸ್ರತ್ ಎರಡು ಮಾರು ದೂರದಲ್ಲಿ ನಿಂತು ತನ್ನ ಮಿಸ್ ಮೂರು ಸಲ ಸಾರಿ ಕೇಳಿದ್ದನ್ನು ಕೇಳಿಸಿಕೊಂಡಳು.

ಮರುದಿನ ಗ್ಲೆಂಡಾಳ ವಿಮೆಯವರು, ತಪ್ಪು ನಿಮ್ಮದಲ್ಲವಲ್ಲ, ಹಾಗಾಗಿ ಈ ಕಂಪನಿಯವರೇ ಎಲ್ಲ ನೋಡಿಕೊಳ್ಳುತ್ತಾರೆ ಎಂದು ಇನ್ನೊಂದು ಕಂಪನಿಯ ನಂಬರ್ ಕೊಟ್ಟರು. ನಿಮ್ಮ ಕಾರು ಹೋದರೆ ಅದರ ಬದಲಿಗೆ ಇವರು ಕಾರು ಕೊಡುತ್ತಾರೆ, ಆಮೇಲೆ ಗುದ್ದಿದವನ ವಿಮೆಯಿಂದ ವಸೂಲು ಮಾಡಿಕೊಳ್ಳುತ್ತಾರೆ. ಫೋನಿನಲ್ಲಿ ಕ್ಯಾಲಮ್ ಎಂಬವನು ಸಿಕ್ಕ. ನಾನು ಅವಳ ಅಡುಗೆಮನೆಯಲ್ಲೇ ಕೂತಿದ್ದೆ.

‘ನೀವು ಯೋಚ್ನೇನೇ ಮಾಡ್ಬೇಡಿ ಮೇಡಂ. ನಾಳೆ ಬೆಳಿಗ್ಗೆ ಮನೆ ಬಾಗಿಲಿಗೆ ಕಾರು ಬರತ್ತೆ. ನಿಮ್ಮದಕ್ಕಿಂತ ಒಂದು ಕೈ ಮೇಲಿರೋದನ್ನೇ ಕಳಿಸ್ತೀನಿ.’

‘ಮೇಲಿಂದು ಬೇಡಪ್ಪ. ಎರಡು ಬ್ರೇಕಿಂದು ಬೇಕು.’

‘ಬ್ರೇಕ್ ಎಲ್ಲಾ ಕಾರಲ್ಲೂ ಇರತ್ತೆ ಮೇಡಂ.’

‘ಸಾರಿ, ನಾನು ಸರಿಯಾಗಿ ಹೇಳ್ಲಿಲ್ಲ ಅನ್ಸತ್ತೆ. ನಾನು ಡ್ರೈವಿಂಗ್ ಕಲಿಸೋಳು. ನನ್ನ ಕಾಲಿಗೂ ಒಂದು ಬ್ರೇಕ್ ಬೇಕು. ಈ ವಾರದಲ್ಲೇ ಬೇಕು. ಒಬ್ಬಳಿಗೆ ಟೆಸ್ಟ್ ಇದೆ.’

‘ಬರ್ಕೊಂಡೆ ಮೇಡಂ, ಎಲ್ಲಾ ಬರ್ಕೊಂಡೆ.’

ಏನು ಬರೆದುಕೊಂಡನೋ ಪುಣ್ಯಾತ್ಮ. ಗುರುವಾರ ಬೆಳಿಗ್ಗೆ ನಮ್ಮ ಬೀದಿಗೆ ಒಂದು ಬಿಳಿ ಕಾರು ಬಂತು. ಎಂಥ ಕಾರು! ಚರ್ಮದ ಸೀಟು, ತೆರೆಯುವ ಮೇಲ್ಛಾವಣಿ, ಬಿಸಿಯಾಗುವ ಸ್ಟೀರಿಂಗು. ನಮ್ಮ ಬೀದಿಯ ಮನೆಗಳ ಮುಂದೆ ಅದು ನಿಂತರೆ ಎರಡು ಮನೆಗಳ ಬಾಗಿಲು ಮರೆಯಾಗುತ್ತಿದ್ದವು. ಬ್ರೇಕು ಮಾತ್ರ ಒಂದೇ. ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು, ಚಾಲನೆ ಕಲಿಸಲು ಬಳಸುವಂತಿಲ್ಲ ಎಂದು.

ಎದುರುಮನೆಯ ಬೆರಿಲ್ ರಾತ್ರಿ ಅಂಗಿಯಲ್ಲೇ ಹೊರಗೆ ಬಂದಳು. ‘ಅಯ್ಯೋ ಗ್ಲೆಂಡಾ, ಲಾಟರಿ ಹೊಡೀತೇನೆ? ನಂಗೂ ಯಾರಾದ್ರೂ ಬಂದು ಗುದ್ದಬಾರ್ದಾ!’

‘ಬಾ, ನಾನೇ ಗುದ್ತೀನಿ’ ಎಂದೆ ನಾನು. ಗ್ಲೆಂಡಾ ನಕ್ಕು, ಬೆರಿಲ್‌ಗೆ ಸಾರಿ ಹೇಳಿ, ಒಳಗೆ ಹೋದಳು.

ಆ ಕಾರಿನಲ್ಲಿ ಅವಳು ಒಂದೇ ಸಲ ಹಾಲು ತರಲು ಹೋದಳು. ಮೀನು, ಚಿಪ್ಸ್ ತರಲು ನಡೆದೇ ಹೋಗುತ್ತಿದ್ದಳು. ಚರ್ಮದ ಸೀಟಿಗೆ ವಾಸನೆ ಹತ್ತೀತು ಎಂದು. ದಿನಾ ಕ್ಯಾಲಮ್‌ನಿಗೆ ಫೋನು ಮಾಡುತ್ತಿದ್ದಳು. ಎರಡು ಬ್ರೇಕಿನ ಕಾರುಗಳು ನಮ್ಮಲ್ಲಿ ಕಡಿಮೆ ಮೇಡಂ, ದಕ್ಷಿಣದಿಂದ ತರಿಸಬೇಕು ಮೇಡಂ, ಇವತ್ತು ನಾಳೆ ಮೇಡಂ. ನನ್ನ ಮೈ ಉರಿದು ಫೋನು ಕಸಿದುಕೊಳ್ಳಲು ಹೋದರೆ, ‘ಪಾಪ, ಅವನದೇನು ತಪ್ಪು ನಾರ್ಮ್’ ಎಂದು ತಡೆಯುತ್ತಿದ್ದಳು.

‘ನಿನ್ನ ಪಾಪಕ್ಕಿಷ್ಟು ಬೆಂಕಿ ಹಾಕ. ಜೋರು ಮಾಡಿ ಕೇಳೇ!’

‘ನಂಗೆ ಕಾರಿನ ಚಿಂತೆ ಅಲ್ಲ ಕಣೋ. ಪೆಟ್ಟು ಬಿದ್ದ ವಾರದಲ್ಲೇ ಅವಳನ್ನ ಮತ್ತೆ ಸೀಟಲ್ಲಿ ಕೂರಿಸ್ಬೇಕು. ಇಲ್ಲಾಂದ್ರೆ ಆ ಹೆದರಿಕೆ ಒಳಗೆ ಗಟ್ಟಿ ಆಗ್ಬಿಡತ್ತೆ. ನುಸ್ರತ್ ಫೋನಲ್ಲಿ ಸರಿಯಾಗಿ ಮಾತೇ ಆಡ್ತಿಲ್ಲ.’

ಬೇರೆ ಕಲಿಸುವವರನ್ನೂ ಕೇಳಿದ್ದಳು. ಅವರಿಗೆಲ್ಲ ಪುರುಸೊತ್ತಿಲ್ಲ. ಇದ್ದ ಒಬ್ಬ, ‘ಗುದ್ದಿಸಿಕೊಂಡೋಳಾ?’ ಎಂದು ಕೇಳಿದನಂತೆ. ಅಷ್ಟಕ್ಕೇ ಇವಳು ಫೋನು ಇಟ್ಟಳು. ಗ್ಲೆಂಡಾ ಫೋನು ಇಟ್ಟಳೆಂದರೆ ಅದು ದೊಡ್ಡ ಸಿಟ್ಟು.

ಒಂಬತ್ತನೆಯ ದಿನ ಕ್ಯಾಲಮ್ ತಾನಾಗಿಯೇ ಫೋನು ಮಾಡಿದ. ದನಿ ಬೇರೆಯಾಗಿತ್ತು. ‘ಆ ಕಡೆಯವರು ತಪ್ಪು ಒಪ್ಕೋತಿಲ್ಲ ಮೇಡಂ. ಅವರ ಹತ್ರ ವಿಡಿಯೋ ಇದೆ. ಅದ್ರಲ್ಲಿ ನೀವೇ ಮೂರು ಸಲ ಸಾರಿ ಕೇಳಿದೀರಿ. ತಪ್ಪಿಲ್ದೆ ಯಾರಾದ್ರೂ ಸಾರಿ ಕೇಳ್ತಾರಾ ಅಂತ ಅವರ ಮಾತು. ಇದು ಇತ್ಯರ್ಥ ಆಗೋತನಕ ಕಾರು ವಾಪಸ್ ತಗೋಬೇಕಾಗತ್ತೆ.’

ಅದನ್ನು ಹೇಳಿದವನೂ ನಮ್ಮ ದೇಶದಲ್ಲೇ ಹುಟ್ಟಿದವನು. ಅವನ ತಾಯಿಯೂ ಅಂಗಡಿಯ ಬಾಗಿಲಿಗೆ ಸಾರಿ ಹೇಳಿರುತ್ತಾಳೆ. ಆ ಕಡೆಯ ವಿಮೆಯವನೂ ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ ಯಾರದೋ ಮೊಣಕೈ ತಾಗಿಸಿಕೊಂಡು ತಾನೇ ಸಾರಿ ಅಂದಿರುತ್ತಾನೆ. ಆಫೀಸಿನ ಕುರ್ಚಿಯಲ್ಲಿ ಕೂತ ಕೂಡಲೇ ಇವರಿಗೆ ಆ ಪದದ ಅರ್ಥ ಮರೆತುಹೋಗುತ್ತದೆ. ಥೂ.

ಮಧ್ಯಾಹ್ನ ಲಾರಿ ಬಂದು ಬಿಳಿ ಕಾರನ್ನು ಹೇರಿಕೊಂಡು ಹೋಯಿತು. ಬೀದಿಯವರೆಲ್ಲ ನೋಡಿದರು. ಬೀದಿಯ ಆ ತುದಿಯಲ್ಲಿ ನುಸ್ರತ್‌ಳ ಮೈದುನನ ಟ್ಯಾಕ್ಸಿಯೂ ನಿಂತಿತ್ತು, ಅವನೂ ನೋಡಿದ. ಸಂಜೆಯೊಳಗೆ ಅವನು ಮನೆಗೆ ಸುದ್ದಿ ಮುಟ್ಟಿಸಿರಬೇಕು: ಕಾರು ವಾಪಸ್ ಹೋಯಿತು, ಅಂದರೆ ತಪ್ಪು ನಿಮ್ಮದೇ ಅಂತಾಯಿತು ಅತ್ತಿಗೆ.

ಅವತ್ತು ಗ್ಲೆಂಡಾ ಗೋಡೆಯ ಹತ್ತಿರ ಬರಲಿಲ್ಲ. ನಾನೇ ಹೋಗಿ ಬಾಗಿಲು ತಟ್ಟಿದೆ. ಊದಿದ ಕೈಯಲ್ಲಿ ಚಹಾ ಮಾಡುತ್ತಿದ್ದಳು.

‘ಆ ಹಾಳು ಮಾತು ಯಾಕೆ ಬಂತೇ ನಿನ್ನ ಬಾಯಿಂದ?’ ಎಂದು ಕೂಗಿದೆ. ಕೂಗಬಾರದಿತ್ತು.

‘ಅವನ ಮುಖ ಬಿಳಿಚಿಕೊಂಡಿತ್ತು ನಾರ್ಮ್. ಪಾಪ ಅನ್ನಿಸ್ತು.’

ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ಚಹಾ ನಾನೇ ಸುರಿದೆ. ಆಮೇಲೆ ಸುಮ್ಮನೆ ಕೇಳಿದೆ, ಹಿಂದೆ ಇದ್ದ ಬಸ್ಸು ಯಾವ ನಂಬರಿನದು ಎಂದು. ಅವಳಿಗೆ ನೆನಪಿತ್ತು. ನನ್ನ ಹಳೆಯ ರೂಟೇ ಅದು. ಆ ಬಸ್ಸುಗಳ ಮುಂದೆ ಕ್ಯಾಮೆರಾ ಇದೆ ಎನ್ನುವುದು ಒಂಬತ್ತು ದಿನ ನನ್ನ ಮಂಡೆಗೆ ಹೊಳೆಯಲಿಲ್ಲವಲ್ಲ! ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಹದಿನಾಲ್ಕು ದಿನವಾದರೆ ಹಳೆಯದರ ಮೇಲೆ ಹೊಸದು ಬಂದು ಎಲ್ಲ ಅಳಿಸಿಹೋಗುತ್ತದೆ.

ಮರುದಿನ ಬೆಳಿಗ್ಗೆ ಡಿಪೋಗೆ ಹೋಗಿ ಗಲಾಟೆ ಮಾಡಿದೆ. ಅಲ್ಲಿ ಈಗ ಮೇಲ್ವಿಚಾರಕಿ ಆಗಿರುವ ಷೀನಾ ಒಂದು ಕಾಲದಲ್ಲಿ ನನ್ನ ಕೈಕೆಳಗೆ ಬಸ್ಸು ಕಲಿತವಳು. ‘ನಿಮ್ಮ ಕೈಗೆ ಕೊಡೋ ಹಾಗಿಲ್ಲ ಯಜಮಾನ್ರೇ, ವಿಮೆಯವರು ಬರೆದು ಕೇಳಿದ್ರೆ ಅವರಿಗೆ ಮಾತ್ರ. ಅಲ್ಲೀತನಕ ಅಳಿಸಿಹೋಗದ ಹಾಗೆ ಎತ್ತಿಡ್ತೀನಿ’ ಎಂದಳು. ಆದರೆ ನನ್ನ ಮುಖ ನೋಡಿ ಬಾಗಿಲು ಹಾಕಿ ಒಂದು ಸಲ ತೋರಿಸಿದಳು. ಬಸ್ಸಿನ ಕ್ಯಾಮೆರಾಕ್ಕೆ ಕಿವಿಯಿಲ್ಲ, ಬರೀ ಕಣ್ಣು. ಗ್ಲೆಂಡಾಳ ಕೆಂಪು ಪುಟ್ಟ ಕಾರು ನೇರವಾಗಿ ಹೋಗುತ್ತಿದೆ. ಜೀಪಿನ ಮೂಗು ಕಂಡ ಕೂಡಲೇ ಕಾರಿನ ಹಿಂದಿನ ಬ್ರೇಕ್ ದೀಪಗಳು ಕೆಂಪಗೆ ಹೊತ್ತಿಕೊಂಡವು, ಗುದ್ದುವುದಕ್ಕೆ ಪೂರ್ತಿ ಒಂದು ಕ್ಷಣ ಮೊದಲೇ. ನಾನೇ ಆಗಿದ್ದರೂ ಅಷ್ಟು ಬೇಗ ಒತ್ತುತ್ತಿದ್ದೆನೋ ಇಲ್ಲವೋ.

ಮನೆಗೆ ಬಂದು ಗ್ಲೆಂಡಾಳಿಗೆ ಹೇಳಿದೆ. ಅವಳ ಕಣ್ಣು ತುಂಬಿತು.

‘ಅದು ನಾನಲ್ಲ ನಾರ್ಮ್. ನನ್ನ ಕಾಲು ಪೆಡಲ್ ಹತ್ರ ಹೋಗೋ ಹೊತ್ತಿಗೆ ಅದು ಆಗ್ಲೇ ಕೆಳಗಿತ್ತು. ನುಸ್ರತ್ ಒತ್ತಿದ್ದು. ಅವಳು ಒತ್ತದೇ ಇದ್ದಿದ್ರೆ ಜೀಪು ಪೂರ್ತಿ ನನ್ನ ಮೇಲೇ ಬರ್ತಿತ್ತು.’

ವಿಮೆಯವರು ಬರೆದು ಕೇಳಿ, ಡಿಪೋದವರು ಕಳಿಸಿ, ಅವರು ನೋಡಿ, ಇವರು ನೋಡಿ, ಇನ್ನೂ ಹನ್ನೊಂದು ದಿನ ಹೋಯಿತು. ಹೋಗಲಿ ಬಿಡಿ, ಕೊನೆಗೂ ಕ್ಯಾಲಮ್‌ನ ದನಿಗೆ ಮತ್ತೆ ಜೇನು ಬಂತು. ಫೆಬ್ರವರಿ ಇಪ್ಪತ್ತಾರಕ್ಕೆ ಮನೆ ಮುಂದೆ ಒಂದು ನೀಲಿ ಕಾರು ಬಂದು ನಿಂತಿತು. ಗ್ಲೆಂಡಾ ಎಡಗಡೆಯ ಬಾಗಿಲು ತೆರೆದು, ಬಗ್ಗಿ, ಕೈಯಿಂದಲೇ ಎರಡನೆಯ ಬ್ರೇಕನ್ನು ಮೂರು ಸಲ ಒತ್ತಿ ನೋಡಿದಳು. ಟೆಸ್ಟಿಗೆ ಎಂಟು ದಿನ ಉಳಿದಿತ್ತು. ‘ದಿನಾ ಎರಡು ಗಂಟೆ ಓಡಿಸಿದ್ರೆ ಸಾಕು’ ಎಂದು ಕೋಟು ಹಾಕಿಕೊಂಡು ನೇರ ನುಸ್ರತ್‌ಳ ಮನೆಗೆ ಹೊರಟಳು. ಧೈರ್ಯಕ್ಕೆ ನನ್ನನ್ನೂ ಕರೆದಳು. ಬಸ್ಸಿನ ವಿಡಿಯೋ ಕಣ್ಣಾರೆ ನೋಡಿದವನು ನಮ್ಮಲ್ಲಿ ನಾನೊಬ್ಬನೇ ತಾನೆ.

ನುಸ್ರತ್ ನಮ್ಮನ್ನು ಒಳಗೆ ಕೂರಿಸಿದಳು. ಚಹಾ ಬಂತು, ಬಿಸಿ ಬಿಸಿ ಪಕೋಡ ಬಂತು, ತಟ್ಟೆ ಖಾಲಿಯಾಗುವ ಮೊದಲೇ ಮತ್ತೆ ಬಂತು. ಅವಳು ಕೂರಲಿಲ್ಲ. ಗ್ಲೆಂಡಾ ಹೊಸ ಕಾರಿನ ಮಾತು ತೆಗೆದಳು.

‘ಬೇಡ ಮಿಸ್. ನಾನು ಬಿಟ್ಬಿಟ್ಟೆ.’

‘ಬಿಡೋದಂದ್ರೇನು ಚಿನ್ನಾ? ತಪ್ಪು ಆ ಮನುಷ್ಯಂದು. ಬಸ್ಸಿನ ಕ್ಯಾಮೆರಾದಲ್ಲಿ ಎಲ್ಲಾ ಇದೆ.’

‘ತಪ್ಪು ಅವರದ್ದಾದ್ರೆ ನೀವ್ಯಾಕೆ ಸಾರಿ ಅಂದ್ರಿ?’

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಿದಳು.

‘ಅದು ಸುಮ್ನೆ ಬಾಯಿಗೆ ಬರೋ ಮಾತು ಕಣಮ್ಮ. ನಾನು ಎಲ್ಲದಕ್ಕೂ ಅಂತೀನಿ. ನಿಂಗೊತ್ತಲ್ಲ.’

‘ನಂಗೋಸ್ಕರ ಅಂದ್ರಿ. ನನ್ನ ತಪ್ಪನ್ನ ನೀವು ಮೈಮೇಲೆ ಹಾಕ್ಕೊಂಡ್ರಿ. ನಿಮ್ಮ ಕಾರು ಹೋಯ್ತು, ಕೈ ನೋಯ್ತು, ಆ ಬಿಳಿ ಕಾರೂ ವಾಪಸ್ ಹೋಯ್ತು. ಅವತ್ತು ಅವನು ಎಲ್ಲಿಂದ ಬಂದ ಅಂತಾನೇ ನಂಗೆ ಗೊತ್ತಾಗ್ಲಿಲ್ಲ ಮಿಸ್. ಕಾರು ನಿಂತದ್ದು ಮಾತ್ರ ಗೊತ್ತು.’

‘ನಿಲ್ಸಿದ್ದು ನೀನು! ನನ್ನ ಕಾಲು ಮುಟ್ಟೋಕೆ ಮುಂಚೇನೇ ನೀನು ಒತ್ತಿದ್ದೆ. ನೀನೇ ಒತ್ತಿದ್ದು ನುಸ್ರತ್.’

ನುಸ್ರತ್ ನಕ್ಕಳು. ಅಂಥ ಪ್ರೀತಿಯ ನಗೆಯನ್ನು ನೋಡಿ ಅಷ್ಟು ಸಂಕಟ ನನಗೆ ಎಂದೂ ಆಗಿಲ್ಲ.

‘ನೀವು ಯಾವಾಗ್ಲೂ ಹಾಗೇ ಹೇಳ್ತೀರಿ ಮಿಸ್. ನಿಮ್ಮ ಮೊಣಕಾಲು ಅಲುಗಾಡೋದು ನಂಗೆ ಕಾಣ್ಸತ್ತೆ. ಮೊದಲ ತಿಂಗಳಿಂದಾನೇ ಗೊತ್ತಿತ್ತು, ಒತ್ತೋದು ನೀವು, ಶಭಾಷ್ ನಂಗೆ. ನಿಮ್ಗೆ ಬೇಜಾರಾಗ್ಬಾರ್ದು ಅಂತ ನಾನೂ ಸುಮ್ಮನಿದ್ದೆ.’

‘ನೀನೇ ಒತ್ತಿದ್ದು’ ಎಂದು ಗ್ಲೆಂಡಾ ಮತ್ತೆ ಅಂದಳು. ಮೂವತ್ತು ವರ್ಷ ಒಳ್ಳೆಯದಕ್ಕೆಂದು ಸುಳ್ಳಾಗಿ ಹೇಳಿದ ಮಾತೇ ಈಗ ನಿಜ ಹೇಳುವುದಕ್ಕೂ ಬೇಕಾಯಿತು. ಬೇರೆ ಮಾತು ಅವಳ ಹತ್ತಿರ ಇರಲಿಲ್ಲ. ನಾನು ಎದ್ದು ನಿಂತು, ವಿಡಿಯೋದಲ್ಲಿ ನೋಡಿದ್ದನ್ನೆಲ್ಲ ಜೋರಾಗಿ ಹೇಳಿದೆ. ದೀಪ ಹೊತ್ತಿತು, ಗುದ್ದುವ ಮೊದಲೇ ಹೊತ್ತಿತು ಎಂದೆ.

‘ದೀಪ ಹೊತ್ತಿರತ್ತೆ ಅಂಕಲ್. ಯಾರು ಒತ್ತಿದ್ರೂ ಅದೇ ದೀಪಾನೇ ಅಲ್ವಾ?’ ಎಂದಳು. ನನ್ನ ತಟ್ಟೆಗೆ ಇನ್ನೆರಡು ಪಕೋಡ ಹಾಕಿದಳು.

ಆಮೇಲೆ ಗ್ಲೆಂಡಾ ದಿನಾ ಫೋನು ಮಾಡಿದಳು. ಒಂದು ದಿನ ಮಗಳು ಎತ್ತಿದಳು, ಮಿಕ್ಕ ದಿನ ಯಾರೂ ಎತ್ತಲಿಲ್ಲ. ಟೆಸ್ಟನ್ನು ರದ್ದು ಮಾಡು ಎಂದು ನಾನು ಹೇಳಿದೆ. ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿಯಾಳು, ಆಗ ದಿನವೇ ಇಲ್ಲದಿದ್ದರೆ ಏನು ಗತಿ ಎಂದು ಗ್ಲೆಂಡಾ ಒಪ್ಪಲಿಲ್ಲ.

ಮಾರ್ಚ್ ಆರರ ಬೆಳಿಗ್ಗೆ ಎಂಟೂವರೆಗೆ ನೀಲಿ ಕಾರು ನುಸ್ರತ್‌ಳ ಮನೆ ಮುಂದೆ ನಿಂತಿತ್ತು. ಟೆಸ್ಟಿನ ದಿನ ಮೊದಲು ಒಂದು ಗಂಟೆ ಓಡಿಸುವುದು ಗ್ಲೆಂಡಾಳ ಪದ್ಧತಿ. ನಾನು ಹಿಂದಿನ ಸೀಟಿನಲ್ಲಿದ್ದೆ. ಗ್ಲೆಂಡಾ ತಾನು ಎಡಗಡೆಗೆ ಬಂದು ಕೂತು, ಚಾಲಕರ ಸೀಟನ್ನು ನುಸ್ರತ್‌ಳ ಎತ್ತರಕ್ಕೆ ಸರಿಮಾಡಿ, ಕನ್ನಡಿ ತಿರುಗಿಸಿ ಇಟ್ಟಿದ್ದಳು. ಮಹಡಿಯ ಪರದೆ ಒಂದು ಸಲ ಸರಿಯಿತು, ಮತ್ತೆ ಮುಚ್ಚಿತು. ಹಾರ್ನ್ ಹೊಡಿ ಎಂದೆ, ಹೊಡೆಯಲಿಲ್ಲ. ಒಂಬತ್ತೂಕಾಲಿಗೆ ಇಳಿದು ಬಾಗಿಲು ತಟ್ಟಿದಳು. ಯಾರೂ ತೆಗೆಯಲಿಲ್ಲ. ವಾಪಸ್ ಬಂದು ತಾನೇ ಚಾಲಕರ ಸೀಟಿನಲ್ಲಿ ಕೂತಳು, ಅದನ್ನು ತನ್ನ ಎತ್ತರಕ್ಕೆ ಬದಲಾಯಿಸಿಕೊಳ್ಳಲೂ ಇಲ್ಲ, ಮುದುಡಿಕೊಂಡೇ ಟೆಸ್ಟ್ ಆಫೀಸಿನವರೆಗೆ ಓಡಿಸಿದಳು.

ಹತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ಪರೀಕ್ಷಕ ಹೊರಗೆ ಬಂದು ಕಾಗದ ನೋಡಿ ಕೂಗಿದ. ‘ನುಸ್ರತ್ ಬೇಗಂ?’ ಸಾಲಿನಲ್ಲಿ ಕೂತ ಹುಡುಗ ಹುಡುಗಿಯರು ತಲೆಯೆತ್ತಿ ನೋಡಿದರು. ಅವನು ಗ್ಲೆಂಡಾಳನ್ನು ಇಪ್ಪತ್ತು ವರ್ಷದಿಂದ ಬಲ್ಲವನು.

‘ಎಲ್ಲಿ ಗ್ಲೆಂಡಾ, ನಿನ್ನ ಶಿಷ್ಯೆ?’

‘ಬರ್ಲಿಲ್ಲ’ ಎಂದಳು. ಆಮೇಲೆ, ‘ಪಾಸಾಗ್ತಿದ್ಲು ಕಣಪ್ಪಾ. ಸತ್ಯವಾಗ್ಲೂ.’

‘ನಿನ್ನ ಬಾಯಲ್ಲಿ ಎಲ್ಲರೂ ಪಾಸೇ’ ಎಂದು ಅವನು ನಗುತ್ತಾ ಕಾಗದದ ಮೇಲೆ ಏನೋ ಗೀಚಿ ಮುಂದಿನ ಹೆಸರು ಕೂಗಿದ.

ಏಪ್ರಿಲ್‌ನಲ್ಲಿ ಆ ಕಡೆಯ ವಿಮೆಯಿಂದ ಕಾಗದ ಬಂತು. ತಪ್ಪು ಸಂಪೂರ್ಣ ಜೀಪಿನವನದು. ಕಲಿಯುತ್ತಿದ್ದ ಚಾಲಕಿ ಸಕಾಲದಲ್ಲಿ ಬ್ರೇಕು ಒತ್ತಿದ್ದರು ಎಂದು ಅಚ್ಚು ಹಾಕಿದ್ದರು. ಹೊಸ ಕಾರಿಗೆ ಏರ್ಪಾಡಾಯಿತು. ಗ್ಲೆಂಡಾ ಆ ಒಂದು ಸಾಲಿನ ಕೆಳಗೆ ಗೆರೆ ಎಳೆದು, ಪ್ರತಿ ತೆಗೆಸಿ, ನುಸ್ರತ್‌ಳ ಬಾಗಿಲಿನ ಟಪಾಲು ಸೀಳಿನಲ್ಲಿ ಹಾಕಿ ಬಂದಳು. ಉತ್ತರ ಬರಲಿಲ್ಲ. ಬೆಟ್ಟದ ಮೇಲಿನ ಶಾಲೆಗೆ ಬೇರೆ ಯಾರೋ ಸೇರಿದರೆಂದು ಬೆರಿಲ್ ಹೇಳಿದಳು.

ಮೊನ್ನೆ ಬೆಳಿಗ್ಗೆ ಮೊಣಕಾಲು ತೋರಿಸಲು ಆಸ್ಪತ್ರೆಗೆ ಹೊರಟಿದ್ದೆ. ಬಸ್ಸಿನಲ್ಲಿ ನುಸ್ರತ್ ಸಿಕ್ಕಳು, ತೊಡೆಯ ಮೇಲೆ ಏಪ್ರನ್ನಿನ ಚೀಲ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ, ಕಾಗದ ಓದಿದೆಯಾ ಎಂದು.

‘ಓದಿದೆ ಅಂಕಲ್. ಮೇಜಿನ ಡ್ರಾಯರಲ್ಲಿ ಜೋಪಾನವಾಗಿ ಇಟ್ಟಿದೀನಿ.’ ಅವಳ ಮುಖ ಬೆಳಗಿತು. ‘ಎಷ್ಟು ಒಳ್ಳೇವರು ಮಿಸ್. ನನ್ನ ಸಮಾಧಾನಕ್ಕೆ ಅಂತ ಆ ಕಂಪನಿಯವರ ಕೈಲೂ ಹಾಗೇ ಬರೆಸ್ಕೊಂಡು ಬಂದಿದಾರೆ ನೋಡಿ.’

‘ಬರೆಸಿದ್ದಲ್ಲಮ್ಮಾ! ನಿಜ ಅದು! ನಾನು ಕಣ್ಣಾರೆ ನೋಡಿದೀನಿ ಅಂತ ಅವತ್ತೇ ಹೇಳ್ಲಿಲ್ವಾ?’ ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಕೂಗಿದೆ.

‘ನೀವೂ ಅವರ ಪಕ್ಕದ ಮನೆಯವರೇ ಅಲ್ವಾ ಅಂಕಲ್’ ಎಂದು ನನ್ನ ಕೈ ತಟ್ಟಿ, ಶಾಲೆ ಬಂತೆಂದು ಗಂಟೆ ಒತ್ತಿ ಇಳಿದುಹೋದಳು.